ಉಡುಪಿ ಶಾಲೆ, ಸ್ಟುಟ್‌ಗಾರ್ಟ್ ಶಾಲೆ: ಮೂರು ತಲೆಮಾರಿನ ಹೋಲಿಕೆ

ನಮ್ಮ ಮನೆಮಾತು ತುಳು. ಹಾಗಾಗಿ ಮನೆಯಲ್ಲಿ ಎಲ್ಲರೂ ಬಾರದ ಭಾಷೆಯಲ್ಲೇ ಶಾಲೆ ಕಲಿತವರು. ಅಮ್ಮ 1964ರಲ್ಲಿ ಉಡುಪಿಯ ಮಲ್ಪೆ ಕಡೆಯ ಕನ್ನಡ ಶಾಲೆಗೆ ಸೇರಿದರು. ಮಾಷ್ಟ್ರು ಘಟ್ಟದ ಮೇಲಿನವರು, ತುಳು ಬಾರದು. ಬೆಳಿಗ್ಗೆ ಏನು ಉಂಡೆ ಎಂದು ಕೇಳಿದರಂತೆ. ಅಮ್ಮ ‘ನುಪ್ಪು’ ಅಂದರು. ಅದಕ್ಕೆ ಕನ್ನಡದಲ್ಲಿ ಅನ್ನ ಎನ್ನಬೇಕು ಎಂದು ತಿಳಿಯುವ ಮೊದಲೇ ಕೈಗೆ ಪೆಟ್ಟು ಬಿದ್ದಿತ್ತು.

ನನಗೆ ಕನ್ನಡ ಬೇಗ ಬಂತು. ಕಷ್ಟವಾದದ್ದು ಎಂಟನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ. ವಿಜ್ಞಾನದ ಉತ್ತರಗಳನ್ನು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದೆ. ವರ್ಷವಿಡೀ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಗಳ ಸರದಿ ಬಂದದ್ದು 2015ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಎರಡನೇ ಕ್ಲಾಸಿನ ವಯಸ್ಸು, ಜರ್ಮನ್ ಒಂದಕ್ಷರ ಬಾರದು. ಅಲ್ಲಿ ಇಂಥ ಮಕ್ಕಳಿಗೆಂದೇ ತಯಾರಿ ತರಗತಿ ಇದೆ. ಅವಳ ಪಕ್ಕ ಕೂತವರು ಸಿರಿಯಾದಿಂದ ಬಂದ ಮಕ್ಕಳು. ಭಾಷೆಯ ಪಾಠ ಬೇರೆ, ಆಟ ಮತ್ತು ಚಿತ್ರ ಉಳಿದವರ ಜೊತೆ. ವರ್ಷದೊಳಗೆ ಮಗಳು ಕೈ ಎತ್ತಿ ‘ಅರ್ಥ ಆಗಲಿಲ್ಲ’ ಎನ್ನುವಷ್ಟಾದಳು. ನಾನು ಹೇಳಲಾಗದ ಮಾತು ಅದು. ಫೀಸೂ ಇರಲಿಲ್ಲ. ಈ ವಿಷಯದಲ್ಲಿ ಸ್ಟುಟ್‌ಗಾರ್ಟೇ ಮೇಲು.

ಈಜನ್ನೂ ಶಾಲೆಯವರೇ ಕಲಿಸಿದರು. ಮಲ್ಪೆ ಕಡಲು ನೋಡುತ್ತಾ ಬೆಳೆದ ಅಮ್ಮನಿಗೂ ನನಗೂ ಈಜು ಬರುವುದಿಲ್ಲ! ನಾಲ್ಕನೆಯದರಲ್ಲಿ ಪೊಲೀಸರ ಎದುರು ಸೈಕಲ್ ಪರೀಕ್ಷೆ.

ಹಿಡಿಸದ್ದೂ ಒಂದಿದೆ. ನಾಲ್ಕನೇ ಕ್ಲಾಸಿನಲ್ಲೇ ಈ ಮಗು ಯೂನಿವರ್ಸಿಟಿ ದಾರಿ ಹಿಡಿಸುವ ಗಿಮ್ನಾಜಿಯುಂ ಶಾಲೆಗೆ, ಆ ಮಗು ಹತ್ತನೆಯದಕ್ಕೆ ಮುಗಿಯುವ ರಿಯಾಲ್‌ಶೂಲೆಗೆ ಎಂದು ಶಾಲೆ ಶಿಫಾರಸು ಕೊಡುತ್ತದೆ. ಹತ್ತು ವರ್ಷದ ಮಕ್ಕಳಿಗೆ! ಆಗ ಕೊನೆಯ ಮಾತು ಹೆತ್ತವರದ್ದೇ ಆಗಿತ್ತು. ಆದರೂ ಆ ಕಾಗದ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕನೆಯದರಲ್ಲಿ ನಾನು ತುಂಬಾ ಹಿಂದೆ ಇದ್ದೆ. ಯಾರೂ ನನ್ನನ್ನು ಬೇರೆ ದಾರಿಗೆ ಹಚ್ಚಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಎಲ್ಲರೂ ಒಟ್ಟಿಗೆ. ಆಮೇಲೆ 625ಕ್ಕೆ 500 ದಾಟಿದೆ. ನಿಧಾನ ಕಲಿಯುವವರಿಗೆ ಅಷ್ಟು ಸಮಯ ಕೊಟ್ಟದ್ದು ಉಡುಪಿ. ಮಗ್ಗಿಯೂ ಇಲ್ಲೇ ಜಾಸ್ತಿ, ನನಗೆ 20ರವರೆಗೆ, ಅವಳಿಗೆ 10ರವರೆಗೆ. ಅದೇನು ದೊಡ್ಡದಲ್ಲ ಬಿಡಿ.

2018ರ ಜುಲೈ ಕೊನೆಗೆ ಊರಿಗೆ ಬಂದೆವು. ಇಲ್ಲಿ ಐದನೆಯದರ ಪಾಠ ಶುರುವಾಗಿ ಎರಡು ತಿಂಗಳಾಗಿತ್ತು. ಮಗಳಿಗೆ ಕನ್ನಡದ ಅಕ್ಷರವೇ ಗೊತ್ತಿಲ್ಲ. ಇವಳಿಗೆ ಬೇರೆಯಾಗಿ ಕಲಿಸುತ್ತೀರಾ ಎಂದು ಶಾಲೆಯಲ್ಲಿ ಕೇಳಿದೆ. ‘ಟ್ಯೂಷನ್‌ಗೆ ಹಾಕಿ’ ಅಂದರು. ತುಂಬಾ ಬೇಸರವಾಯಿತು. ಪೆಟ್ಟು ನಿಂತಿದೆ, ಸಂತೋಷ. ಆದರೆ ಬಾರದ ಭಾಷೆಯನ್ನು ಮಗು ತಾನೇ ಹೇಗೋ ಕಲಿಯಬೇಕು ಎನ್ನುವುದು ಹಾಗೇ ಇದೆ. ಈಗ ನಮ್ಮ ಕೆಲವು ಶಾಲೆಗಳಲ್ಲಿ ತುಳು ಮೂರನೇ ಭಾಷೆಯಾಗಿದೆ, ಒಳ್ಳೆಯದೇ. ಆದರೆ ತುಳು ಬೇಕಾದದ್ದು ಒಂದನೇ ಕ್ಲಾಸಿನ ಮೊದಲ ದಿನ, ಅಲ್ವಾ?

ಕೊನೆಗೆ ಅಮ್ಮನೇ ಕಲಿಸಲು ಕೂತರು, ಏಳನೆಯದಕ್ಕೆ ಶಾಲೆ ಬಿಟ್ಟವರು. ಮಳೆಗೆ ರಜೆ ಸಿಕ್ಕಿದ ಒಂದು ದಿನ, ಜಗಲಿಯಲ್ಲಿ, ಮೊಮ್ಮಗಳ ಕೈಗೆ ಸ್ಲೇಟು ಕೊಟ್ಟು ಶುರು ಮಾಡಿದರು: ‘ಅನ್ನ ಪಂಡ ನುಪ್ಪು,’ ಅನ್ನ ಅಂದರೆ ನುಪ್ಪು.