24 ವೋಲ್ಟ್ ಲಾರಿಗೆ 150 ಎಎಚ್ ಬ್ಯಾಟರಿ ಜೋಡಿ: ಮೂರು ಮಳೆಗಾಲದ ನಂತರ

ಬೈಕಂಪಾಡಿಯಿಂದ ಪಣಂಬೂರು ಬಂದರಿಗೆ ದಿನಾ ಓಡುವ, ನಡುನಡುವೆ ಶಿರಾಡಿ ಘಾಟಿ ಹತ್ತುವ, ಬಾಡಿಗೆ ಸಿಕ್ಕಿದರೆ ಮಲ್ಪೆಯ ಮೀನೂ ಹೇರುವ 24 ವೋಲ್ಟಿನ ಲಾರಿ. ಅದರಲ್ಲಿ 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ, ಅಂದರೆ ಎಷ್ಟು ಕರೆಂಟ್ ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಬ್ಯಾಟರಿ ಎರಡು, ಒಂದರ ಹಿಂದೆ ಒಂದು ಜೋಡಿಸಿದವು, ಮುಚ್ಚಳ ತೆಗೆದು ನೀರು ಹಾಕುವ ಮಾದರಿಯವು. ಮೂರು ಮಳೆಗಾಲ ಕಳೆದ ಮೇಲಿನ ಮಾತು ಇದು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಈ ಕೆಲಸಕ್ಕೆ ಈ ಅಳತೆ ಸರಿ, ಈ ಮಾದರಿಯೂ ಸರಿ. ಇಂಥದ್ದೇ ಜೋಡಿ ಒಂದೂವರೆ ವರ್ಷದಲ್ಲಿ ಸೆಲ್ಫ್ (ಸ್ಟಾರ್ಟರ್ ಮೋಟರ್) ಎಳೆಯದೆ ಹೋದರೆ, ಕಂಪೆನಿಯನ್ನು ಬೈಯುವ ಮೊದಲು ಎರಡು ಬ್ಯಾಟರಿಯ ನಡುವಿನ ಲಿಂಕ್ ಕೇಬಲಿಗೆ ಯಾರಾದರೂ ಒಂದು ತೆಳು ವೈರ್ ಸಿಕ್ಕಿಸಿ ಹೋಗಿದ್ದಾರೋ ನೋಡಿ.

ಆ ವೈರಿನ ಕಥೆಯೇ ಇಲ್ಲಿ ದೊಡ್ಡದು. ಟೇಪ್ ರೆಕಾರ್ಡರು, ಮೊಬೈಲ್ ಚಾರ್ಜರು, ಕ್ಯಾಬಿನ್ನಿನ ಬಣ್ಣದ ಲೈಟು ಎಲ್ಲ 12 ವೋಲ್ಟಿನವು. ಲಾರಿ 24 ವೋಲ್ಟಿನದು. ಆದ್ದರಿಂದ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು ಸುಲಭದ ದಾರಿ, ಹೆಚ್ಚಿನ ಕಡೆ ಆಗುವುದೂ ಅದೇ. ಲೆಕ್ಕ ಹಾಕಿ: 5 ಆಂಪಿಯರಿನಂತೆ 8 ಗಂಟೆ ಎಳೆದರೆ 40 ಎಎಚ್ ಕೆಳಗಿನ, ಅಂದರೆ ಚಾಸಿಗೆ ಅರ್ತ್ ಆದ ಕಡೆಯ, ಬ್ಯಾಟರಿಯೊಂದರಿಂದಲೇ ಹೋಯಿತು. ಡೈನಮೋ ವಾಪಸು ತುಂಬುವಾಗ ಎರಡರ ಮೂಲಕವೂ ಹರಿಯುವುದು ಒಂದೇ ಕರೆಂಟ್. ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ಕಟೌಟಿಗೆ ಕಾಣುವುದು ಒಟ್ಟು 28 ವೋಲ್ಟ್ ಮಾತ್ರ. ಅದು ಮೇಲಿನದರಲ್ಲಿ 14.8, ಕೆಳಗಿನದರಲ್ಲಿ 13.2 ಎಂದು ಹಂಚಿಹೋದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಮೇಲಿನದು ಕುದಿದು ನೀರು ಕಳೆದುಕೊಳ್ಳುತ್ತದೆ, ಕೆಳಗಿನದು ಯಾವತ್ತೂ ತುಂಬದೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಒಂದು ಅಜೀರ್ಣದಿಂದ, ಇನ್ನೊಂದು ಹಸಿವೆಯಿಂದ ಸಾಯುವುದು. ಇದಕ್ಕೆ 24ರಿಂದ 12 ವೋಲ್ಟಿಗೆ ಇಳಿಸುವ 10 ಆಂಪಿಯರಿನ ಕನ್ವರ್ಟರ್ ಹಾಕಿ, ಅದರ ವೈರನ್ನು ಜೋಡಿಯ ಎರಡು ತುದಿಗಳಿಂದ ಫ್ಯೂಸ್ ಮೂಲಕ ತೆಗೆದರೆ ಮುಗಿಯಿತು. ಹೊಸ ಬ್ಯಾಟರಿಯ ಬೆಲೆಯ ಮುಂದೆ ಕನ್ವರ್ಟರಿನ ಬೆಲೆ ಏನೂ ಅಲ್ಲ.

ಪರೀಕ್ಷೆ ಮಾಡುವುದೂ ಕಷ್ಟವಿಲ್ಲ. ಲಾರಿ ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಕೀ ಹಾಕುವ ಮೊದಲು, ಮೀಟರನ್ನು ಒಂದೊಂದೇ ಬ್ಯಾಟರಿಗೆ ಹಿಡಿಯಿರಿ. ಒಟ್ಟು 25.0 ಬಂದರೆ ಚೆನ್ನಾಗಿದೆ ಎಂದು ಕಾಣುತ್ತದೆ, ಆದರೆ ಒಂದರಲ್ಲಿ 12.7, ಇನ್ನೊಂದರಲ್ಲಿ 12.3 ಇದ್ದರೂ ಮೊತ್ತ 25ವೇ. 12.6ರ ಮೇಲೆ ಇದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಎರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೇರೆ ಬೇರೆಯಾಗಿ ಚಾರ್ಜಿಗೆ ಹಾಕಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು.

ಇನ್ನು ಅಳತೆ. ಲಾರಿಗೆ ಕಂಪೆನಿ ಹಾಕಿ ಕೊಟ್ಟ ಎಎಚ್‌ಗಿಂತ ಕಡಿಮೆ ಹಾಕಬಾರದು, ಇದರಲ್ಲಿ ಚರ್ಚೆ ಇಲ್ಲ. 130ರ ಜಾಗಕ್ಕೆ 150 ಹಾಕಬಹುದೇ ಎನ್ನುವುದು ಪೆಟ್ಟಿಗೆಯ ಮೇಲೆ ಹೋಗುತ್ತದೆ. ಎರಡರ ಉದ್ದವೂ ಸುಮಾರು 51 ಸೆಂ.ಮೀ., ಆದರೆ 130ರಲ್ಲಿ ಅಗಲ ಸುಮಾರು 19 ಸೆಂ.ಮೀ. ಇದ್ದರೆ 150ರದ್ದು 22ರಷ್ಟು. ಎರಡು ಸೇರಿ 6 ಸೆಂ.ಮೀ. ಹೆಚ್ಚು ಜಾಗ ಬೇಕು. ಅದಿಲ್ಲದೆ ಒತ್ತಿ ಕೂರಿಸಿದರೆ ಕ್ಲಾಂಪ್ ಸರಿಯಾಗಿ ಕೂರುವುದಿಲ್ಲ. ‘ದೊಡ್ಡ ಬ್ಯಾಟರಿಯನ್ನು ಡೈನಮೋ ತುಂಬಿಸುವುದಿಲ್ಲ’ ಎನ್ನುವ ಮಾತು ಗ್ಯಾರೇಜಿನಲ್ಲಿ ಕೇಳುವುದುಂಟು, ಅದು ಪೂರ್ತಿ ಸರಿಯಲ್ಲ. ತೆಗೆದಷ್ಟನ್ನೇ ತಾನೇ ವಾಪಸು ತುಂಬಬೇಕಾದ್ದು? ಒಂದು ಸಲ ಸ್ಟಾರ್ಟ್ ಮಾಡಲು 400 ಆಂಪಿಯರಿನಂತೆ 5 ಸೆಕೆಂಡ್ ಎಳೆದರೂ ಹೋಗುವುದು ಅರ್ಧ ಎಎಚ್ ಅಷ್ಟೆ. ಬ್ಯಾಟರಿಯನ್ನು ಇಳಿಸುವುದು ಎಂಜಿನ್ ಆಫ್ ಇರುವಾಗ ಉರಿಯುವ ಲೈಟು, ಫ್ಯಾನು, ಹಾಗೂ ಬಂದರಿನ ಸಾಲಿನಲ್ಲಿ ಗಂಟೆಗಟ್ಟಲೆ ಸ್ಲೋ ಸ್ಪೀಡಿನಲ್ಲಿ ನಿಲ್ಲುವುದು. ಆಗ ಡೈನಮೋ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಬ್ಲೋವರ್ ಮೂರೂ ಒಟ್ಟಿಗೆ ಇದ್ದರಂತೂ ಲೆಕ್ಕ ಉಲ್ಟಾ ಆಗುವುದುಂಟು.

ಸಿಸಿಎ ಎಂಬ ಅಂಕಿಯನ್ನು ದೊಡ್ಡದಾಗಿ ತೋರಿಸಿ ಮಾರುವವರಿದ್ದಾರೆ. ಅದು ಮೈನಸ್ 18 ಡಿಗ್ರಿ ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಷ್ಟು ಕರೆಂಟ್ ಕೊಡುತ್ತದೆ ಎಂಬ ಅಳತೆ. ಮಂಗಳೂರಿನಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಇಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಸೆಕೆ, ಉಪ್ಪು, ಕುಲುಕಾಟ. ಒಂದೇ ಎಎಚ್‌ನ ಎರಡು ಬ್ಯಾಟರಿಗಳಲ್ಲಿ ತೂಕ ಹೆಚ್ಚಿರುವುದನ್ನು ಆರಿಸುವುದು ಹಳೆಯ ಕ್ರಮ. ಸೀಸ ಹೆಚ್ಚು ಎಂದರೆ ಸಾಮಾನ್ಯವಾಗಿ ಪ್ಲೇಟ್ ದಪ್ಪ, ಆ ಲೆಕ್ಕ ಈಗಲೂ ಮೋಸ ಮಾಡುವುದಿಲ್ಲ. ಆಸಿಡ್ ತುಂಬಿದ 150 ಎಎಚ್ ಸುಮಾರು 40 ಕೆಜಿ ತೂಗುತ್ತದೆ.

ಬ್ರ್ಯಾಂಡ್ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಎಕ್ಸೈಡ್, ಅಮರಾನ್, ಎಸ್‌ಎಫ್ ಸಾನಿಕ್, ಟಾಟಾ ಗ್ರೀನ್ ನಾಲ್ಕರಲ್ಲೂ ಲಾರಿಗೆಂದೇ ಮಾಡಿದ ಸಾಲು ಉಂಟು, ಅದನ್ನೇ ಕೇಳಿ ತೆಗೆದುಕೊಳ್ಳಬೇಕು. ಮನೆಯ ಇನ್ವರ್ಟರಿಗೆ ಮಾಡಿದ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದರ ಜಾಗಕ್ಕೆ ಆಗುವುದಿಲ್ಲ. ಅದು ನಿಧಾನವಾಗಿ ಹೊತ್ತುಹೊತ್ತು ಕೊಡುವ ಜಾತಿಯದು, ಸೆಲ್ಫಿಗೆ ಬೇಕಾದ ಒಂದೇ ಏಟಿನ ಕರೆಂಟ್ ಅದರಿಂದ ನಿರೀಕ್ಷಿಸಬಾರದು. ಹಳೆ ಪೆಟ್ಟಿಗೆಗೆ ಹೊಸ ಪ್ಲೇಟ್ ಹಾಕಿ ಮಾರುವ ಲೋಕಲ್ ಬ್ಯಾಟರಿ ಲಾರಿ ಮಾರುವವರಿಗೆ ಸರಿ, ಓಡಿಸುವವರಿಗಲ್ಲ.

ನೀರು ಹಾಕುವುದೋ, ಸೀಲ್ ಆಗಿರುವುದೋ? ಕ್ಯಾಲ್ಸಿಯಂ ಪ್ಲೇಟಿನ ಸೀಲ್ಡ್ ಬ್ಯಾಟರಿ ನೀರು ಕಡಿಮೆ ಕಳೆದುಕೊಳ್ಳುತ್ತದೆ, ನಿಂತಲ್ಲೇ ಇಳಿಯುವುದೂ ಕಡಿಮೆ. ಹೆದ್ದಾರಿ 66ರಲ್ಲಿ ದಿನವಿಡೀ ಓಡುವ ಗಾಡಿಗೆ ಅದು ಚೆನ್ನಾಗಿಯೇ ಬರುತ್ತದೆ. ಆದರೆ ಪೂರ್ತಿ ಇಳಿದು ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ, ಮತ್ತು ಯಾವ ಸೆಲ್ ಹೋಗಿದೆ ಎಂದು ಒಳಗೆ ನೋಡಲು ಬಾಗಿಲೇ ಇಲ್ಲ. ಬಂದರಿನ ಸಾಲು, ಮೀನಿನ ಸೀಸನ್ ಎಂದು ಓಡುವ ಗಾಡಿಗೆ ಮುಚ್ಚಳ ತೆಗೆಯುವ ಮಾದರಿಯೇ ಮೇಲು. ಹೈಡ್ರೋಮೀಟರ್ ಇಳಿಸಿ ಆರು ಸೆಲ್ಲಿನ ಗ್ರಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ, ನೋಡಬಹುದು. ತುಂಬಿದ ಬ್ಯಾಟರಿಯಲ್ಲಿ ಗ್ರಾವಿಟಿ ಮಾದರಿಗೆ ತಕ್ಕಂತೆ 1.240ರಿಂದ 1.280ರ ಒಳಗೆ ಇರಬೇಕು. ಐದು ಸೆಲ್ 1.250 ತೋರಿಸಿ ಒಂದು 1.190ರಲ್ಲಿ ನಿಂತಿದೆ, ಚಾರ್ಜ್ ಮಾಡಿದ ಮೇಲೂ ಏರುವುದಿಲ್ಲ ಎಂದಾದರೆ ಆ ಸೆಲ್ ಹೋಯಿತು.

ಅಂಗಡಿಯಲ್ಲಿ ನಾಲ್ಕು ವಿಷಯಕ್ಕೆ ಹಟ ಹಿಡಿಯಿರಿ. ಎರಡೂ ಒಂದೇ ಕಂಪೆನಿಯ ಒಂದೇ ಮಾಡೆಲ್ ಆಗಿರಬೇಕು, ತಯಾರಿಯ ತಿಂಗಳೂ ಒಂದೇ ಅಥವಾ ಪಕ್ಕಪಕ್ಕದ್ದಾಗಿರಬೇಕು. ಮೂರು ತಿಂಗಳು ಮೀರಿದ ಸ್ಟಾಕ್ ಆದರೆ ಚಾರ್ಜ್ ಮಾಡಿಯೇ ಕೊಡಬೇಕು. ಕೌಂಟರಿನಲ್ಲೇ ಮೀಟರ್ ಇಟ್ಟು 12.5ಕ್ಕಿಂತ ಕೆಳಗೆ ಕಂಡದ್ದನ್ನು ಬಿಟ್ಟುಬಿಡಿ. ಪ್ಲಸ್ ಎಡಕ್ಕೋ ಬಲಕ್ಕೋ ಎಂದು ಹಳೆಯದರ ಫೋಟೋ ತೋರಿಸಿ ತನ್ನಿ. ತಿರುಗಾಮುರುಗ ಆದರೆ ಕೇಬಲ್ ಮುಟ್ಟುವುದಿಲ್ಲ. ಎಳೆದು ಕಟ್ಟಿದ ಕೇಬಲ್ ಶಿರಾಡಿಯ ಹೊಂಡಗಳಲ್ಲಿ ತಾನು ಕೂರುವ ಸೀಸದ ಗೂಟವನ್ನೇ, ಅಂದರೆ ಪೋಸ್ಟನ್ನೇ, ಅಲುಗಾಡಿಸಿ ಬುಡದಿಂದ ಆಸಿಡ್ ಒಸರುವಂತೆ ಮಾಡುತ್ತದೆ.

ಕೂರಿಸಲು ಹಳೆಯದನ್ನು ತೆಗೆಯುವಾಗ ಮೊದಲು ಅರ್ತ್ ಕೇಬಲ್ ಬಿಚ್ಚಬೇಕು, ನಂತರ ಲಿಂಕ್, ಕೊನೆಗೆ ಪ್ಲಸ್. ಹಾಕುವಾಗ ಇದರ ತಿರುಗು, ಅರ್ತ್ ಕೊನೆಗೆ. ಸ್ಪಾನರ್ ಪ್ಲಸ್ಸಿನಿಂದ ಚಾಸಿಗೆ ತಾಗಿದರೆ ಏನಾಗುತ್ತದೆ ಎನ್ನುವುದನ್ನು ಯಾವ ಎಲೆಕ್ಟ್ರಿಷಿಯನ್ನಿನ ಕೈಯ ಗುರುತು ನೋಡಿದರೂ ತಿಳಿಯುತ್ತದೆ. ತಟ್ಟೆಯ ತುಕ್ಕು ಕೆರೆದು ಆಸಿಡ್ ತಾಳುವ ಬಣ್ಣ ಹೊಡೆದು, ಮೇಲೆ ರಬ್ಬರ್ ಮ್ಯಾಟ್ ಹಾಸಿ. ಪ್ಲಸ್ ಪೋಸ್ಟ್ ಮೈನಸ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ, ಕ್ಲಾಂಪ್ ಕೂರದಿದ್ದರೆ ಸುತ್ತಿಗೆಯಲ್ಲಿ ಹೊಡೆಯದೆ ಬಾಯಿ ಅಗಲಿಸಿ ಕೂರಿಸಿ. ಮೇಲಿನ ಪಟ್ಟಿ ಕೈಯಲ್ಲಿ ಅಲುಗದಷ್ಟು ಬಿಗಿಯಾದರೆ ಸಾಕು. ಇನ್ನೂ ಎರಡು ಸುತ್ತು ತಿರುಗಿಸಿದರೆ ಪೆಟ್ಟಿಗೆ ಬಿರುಕು ಬಿಡುತ್ತದೆ. ಟರ್ಮಿನಲ್ ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವುದು ಬೇಡ.

ಹೊಸ ಜೋಡಿ ಹಾಕಿದರೂ ಸೆಲ್ಫ್ ಕುಂಟುತ್ತಿದ್ದರೆ ಅರ್ತ್ ನೋಡಬೇಕು. ಕಡಲಿನ ಗಾಳಿಗೆ ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿ ಮೊದಲು ಹಾಳಾಗುತ್ತದೆ, ಹೊರಗೆ ಕಾಣುವುದೇ ಇಲ್ಲ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಕೆಳಗಿನ ಬ್ಯಾಟರಿಯ ಮೈನಸ್ ಪೋಸ್ಟಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿಯಲಿ. ಅರ್ಧ ವೋಲ್ಟ್ ದಾಟಿದರೆ ದೋಷ ಆ ದಾರಿಯಲ್ಲಿ ಉಂಟು. ಮೇಲಿನ ಬ್ಯಾಟರಿಯ ಪ್ಲಸ್ ಪೋಸ್ಟಿನಿಂದ ಸೆಲ್ಫ್ ಮೋಟರಿನ ಬೋಲ್ಟಿಗೂ ಹೀಗೆಯೇ. 500 ಆಂಪಿಯರ್ ಹರಿಯುವಾಗ 0.002 ಓಂ ತಡೆಯೇ ಒಂದು ವೋಲ್ಟ್ ನುಂಗಿಬಿಡುತ್ತದೆ. ತುದಿಯ ಲಗ್ಗಿನ (ಲೋಹದ ಕಿವಿ) ಹತ್ತಿರ ಕೇಬಲ್ ಉಬ್ಬಿ, ಒಳಗೆ ಹಸಿರು ಹುಡಿ ತುಂಬಿದ್ದರೆ ಲಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಪೂರ್ತಿ ಕೇಬಲ್ ಹೊಸತು ಹಾಕಬೇಕು.

ಮೀನಿನ ಲಾರಿಗಳಿಗೆ ಒಂದು ಹೆಚ್ಚಿನ ಕಾಟ. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಬ್ಯಾಟರಿಯ ತಲೆ ಮೇಲೆ ಬೀಳುತ್ತದೆ. ಆಸಿಡ್ ಮಂಜು, ಧೂಳು, ಉಪ್ಪು ಸೇರಿ ಮುಚ್ಚಳದ ಮೇಲೆ ತೆಳ್ಳಗಿನ ಪದರ ಕಟ್ಟಿದರೆ ಅದರ ಮೂಲಕವೇ ಕರೆಂಟ್ ಸೋರುತ್ತದೆ. ನಂಬಿಕೆ ಬರದಿದ್ದರೆ ಮೀಟರಿನ ಕಪ್ಪು ಕಡ್ಡಿ ಮೈನಸ್ ಪೋಸ್ಟಿಗೆ ಇಟ್ಟು, ಕೆಂಪನ್ನು ಪ್ಲಾಸ್ಟಿಕ್ಕಿನ ಮೇಲೆ ಅತ್ತಿತ್ತ ಎಳೆಯಿರಿ. ಬರೀ ಪ್ಲಾಸ್ಟಿಕ್ಕಿನ ಮೇಲೆ ಎರಡು ಮೂರು ವೋಲ್ಟ್ ತೋರಿಸುವುದನ್ನು ನೋಡಬಹುದು. ಎಲ್ಲ ಮುಚ್ಚಳ ಬಿಗಿ ಮಾಡಿ, ಸೋಡಾಪುಡಿ ಕಲಸಿದ ನೀರಿನಿಂದ ತೊಳೆದು, ಒಳ್ಳೆ ನೀರು ಹೊಯ್ದು ಒರಸಿದರೆ ಅದು ಸೊನ್ನೆಗೆ ಬರುತ್ತದೆ. ಸೋಡಾನೀರಿನ ಒಂದು ಹನಿಯೂ ಸೆಲ್ಲಿನ ಒಳಗೆ ಹೋಗಬಾರದು. ಬ್ಯಾಟರಿ ಪೆಟ್ಟಿಗೆಗೆ ಇಳಿಜಾರಾದ ಒಂದು ತಗಡಿನ ಮಾಡು ಹೊಡೆಸಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಮಲ್ಪೆ, ಮಂಗಳೂರು ದಕ್ಕೆಯ ಎಷ್ಟೋ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ, ಆದರೆ ಅದರಲ್ಲಿನ ಜಿಪಿಎಸ್ ಮಲಗುವುದಿಲ್ಲ. ಎಲ್ಲ ಸೇರಿ 100 ಮಿಲಿ ಆಂಪಿಯರ್ ಎಳೆದರೂ 61 ದಿನಕ್ಕೆ 146 ಎಎಚ್ ಆಯಿತು, ಅಂದರೆ 150ರ ಬ್ಯಾಟರಿಯಲ್ಲಿ ಉಳಿಯುವುದು ತಳ ಮಾತ್ರ. ಆಗಸ್ಟಿನಲ್ಲಿ ‘ಬ್ಯಾಟರಿ ಸತ್ತಿದೆ’ ಎಂದು ಬರುವ ಗಾಡಿಗಳ ಕಾರಣ ಹೆಚ್ಚಾಗಿ ಇದು. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುವುದರಿಂದ ತುಂಬುವುದಿಲ್ಲ, ತಿಂಗಳಿಗೊಮ್ಮೆ ಚಾರ್ಜರಿಗೆ ಹಾಕಬೇಕು. ಇಲ್ಲವೇ ಕಟಾಫ್ ಸ್ವಿಚ್ ಆಫ್ ಮಾಡಬೇಕು. ಬಿಎಸ್ 6 ಗಾಡಿಯಲ್ಲಿ ಮಾತ್ರ ಒಂದು ಎಚ್ಚರ: ಕೀ ಆಫ್ ಮಾಡಿದ ಮೇಲೆ ಪಂಪು ಪೈಪಿನಲ್ಲಿರುವ, ಹೊಗೆ ಶುದ್ಧಮಾಡುವ ಯೂರಿಯಾ ದ್ರವವನ್ನು ಟ್ಯಾಂಕಿಗೆ ಹಿಂದೆ ಎಳೆಯುತ್ತದೆ. ಅದು ಮುಗಿಯುವ ಮೊದಲು ಕಟಾಫ್ ತಿರುಗಿಸಿದರೆ ದ್ರವ ಅಲ್ಲೇ ಹರಳುಗಟ್ಟುತ್ತದೆ. ಎರಡು ಮೂರು ನಿಮಿಷ ಕಾಯಿರಿ. ಬಾಡಿಗೆ ವೆಲ್ಡಿಂಗ್ ಇದ್ದರೆ ಬ್ಯಾಟರಿಯ ಕೇಬಲ್ ಬಿಚ್ಚಿಯೇ ಮಾಡಿಸಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಅದರ ಬೆಲೆಗೆ ಹಲವು ಜೋಡಿ ಬ್ಯಾಟರಿ ಬರುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಊರಿನ ಕೆಟ್ಟ ಅಭ್ಯಾಸ ಬಾವಿ ನೀರು ಹೊಯ್ಯುವುದು. ಕುಡಿಯಲು ಎಷ್ಟು ಒಳ್ಳೆಯದಾದರೂ ಕೆಂಪು ಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣ ಇರುತ್ತದೆ, ಕಡಲ ಬದಿಯ ಬಾವಿಯಲ್ಲಿ ಕ್ಲೋರೈಡ್. ಎರಡೂ ಪ್ಲೇಟಿಗೆ ವಿಷ. ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ, ಪ್ಲೇಟಿನ ಮೇಲೆ ಒಂದು ಸೆಂಟಿಮೀಟರ್ ನಿಲ್ಲುವಷ್ಟು, ಅದೂ ಚಾರ್ಜ್ ಆದ ಮೇಲೆ. ಆಸಿಡ್ ಸೇರಿಸಬೇಡಿ, ಗ್ರಾವಿಟಿ ಏರಿದಂತೆ ಕಾಣುತ್ತದೆ, ಪ್ಲೇಟ್ ತಿನ್ನುತ್ತದೆ. ಎಲ್ಲ ಸೆಲ್ಲಿನಲ್ಲೂ ತಿಂಗಳು ತಿಂಗಳೂ ನೀರು ಇಳಿಯುತ್ತಿದ್ದರೆ ಕಟೌಟ್ ನೋಡಿ: ಎಂಜಿನ್ ಸ್ವಲ್ಪ ಏರಿಸಿ ಲೈಟ್ ಹಾಕಿದಾಗ 27.6ರಿಂದ 28.5ರ ಒಳಗೆ ಇರಬೇಕು. 29 ದಾಟಿದರೆ ಕುದಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ಹೊತ್ತಿನಲ್ಲಿ ವೈರಿನಿಂದ ಕಿಡಿ ಹೊಡೆಸಿ ಬ್ಯಾಟರಿ ಪರೀಕ್ಷಿಸುವವರನ್ನು ದೂರ ಇಡಿ, ಮುಚ್ಚಳದಿಂದ ಬರುವುದರಲ್ಲಿ ಹೈಡ್ರೋಜನ್ ಉಂಟು.

ವಾರಂಟಿ ತಿಂಗಳುಗಳನ್ನು ಕೂಡಿಸಿ ನೋಡಬೇಡಿ. ‘18+18’ ಎಂದಿದ್ದರೆ ಮೊದಲ ಹದಿನೆಂಟು ತಿಂಗಳು ಮಾತ್ರ ಬದಲಿ ಬ್ಯಾಟರಿ ಉಚಿತ, ಆಮೇಲಿನದ್ದರಲ್ಲಿ ಸಿಗುವುದು ಬೆಲೆಯಲ್ಲಿ ಸೋಡಿ. ಬಿಲ್ಲಿನಲ್ಲಿ ಎರಡೂ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿ, ನೋಂದಣಿ ಅಲ್ಲೇ ಮಾಡಿಸಿ. ಬರೀ ಇಳಿದಿರುವ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲ. ಚಾರ್ಜ್ ಮಾಡಿ ಪರೀಕ್ಷಿಸಲು ಒಂದೆರಡು ದಿನ ಇಟ್ಟುಕೊಳ್ಳುತ್ತಾರೆ, ಆ ದಿನಗಳಿಗೆ ಬದಲಿ ಬ್ಯಾಟರಿ ಕೊಡುತ್ತಾರೆಯೇ ಎಂದು ಕೊಳ್ಳುವಾಗಲೇ ಕೇಳಿ. ಪೋಸ್ಟ್ ಮುರಿದಿದ್ದರೆ, ಪೆಟ್ಟಿಗೆ ಒಡೆದಿದ್ದರೆ ಮಾತೇ ಇಲ್ಲ.

ಕೊನೆಗೆ ಎಲ್ಲರೂ ಕೇಳುವುದು: ಒಂದೇ ಹೋಗಿದೆ, ಇನ್ನೊಂದು ಚೆನ್ನಾಗಿದೆ, ಒಂದನ್ನು ಮಾತ್ರ ಬದಲಿಸಬಹುದೇ? ಜೋಡಿ ಆರು ತಿಂಗಳ ಒಳಗಿನದಾಗಿದ್ದರೆ, ಅದೇ ಮಾಡೆಲ್ ಸಿಕ್ಕಿದರೆ, ಸರಿ. ಎರಡು ವರ್ಷದ ಹಳೆಯದರ ಪಕ್ಕ ಹೊಸತು ಇಟ್ಟರೆ ಮೇಲೆ ಹೇಳಿದ 14.8–13.2ರ ಹಂಚಿಕೆಯೇ ಮತ್ತೆ ಶುರು, ವೈರ್ ಇಲ್ಲದೆಯೇ. ಎರಡನ್ನೂ ಬದಲಿಸಿ. ಹಾಳಾದದ್ದನ್ನು ಅಂಗಡಿಗೇ ಗುಜರಿ ಲೆಕ್ಕದಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಉಳಿದ ಒಳ್ಳೆಯದು 12 ವೋಲ್ಟಿನ ಒಂಟಿ ಕೆಲಸಕ್ಕೆ ಇನ್ನೂ ವರ್ಷ ಬಂದೀತು. ನಾಡದೋಣಿಯ ಲೈಟಿಗೆ ಕೇಳಿಕೊಂಡು ಬರುವವರು ಮಲ್ಪೆಯಲ್ಲಿ ಸಿಗುತ್ತಾರೆ.