ಕೊಲೆಗಾರ ಜೋಕರ್ ಸಿನಿಮಾ: 1988ರದ್ದಾ, 2016ರದ್ದಾ?

ಪುಣೆಯ ಕೋಥ್ರೂಡ್‌ನ ನಮ್ಮ ರೂಮಿನಲ್ಲಿ ಧಾರವಾಡದ ನಾಲ್ಕು ಜನ ಕೂತು ಎರಡನ್ನೂ ನೋಡಿದೆವು. ಒಂದಕ್ಕೇ ಟೈಮ್ ಇದ್ದರೆ 1988ರ ‘ಕಿಲ್ಲರ್ ಕ್ಲೌನ್ಸ್ ಫ್ರಮ್ ಔಟರ್ ಸ್ಪೇಸ್’ ಹಾಕಿ.

2016ರ ‘ಟೆರಿಫೈಯರ್’ ನನಗೆ ತುಂಬಾ ನಿರಾಸೆ ಮಾಡಿತು. ಮಾತೇ ಆಡದ ಆರ್ಟ್ ಅನ್ನೋ ಕೊಲೆಗಾರ ಜೋಕರ್ ಆಗಿ ಡೇವಿಡ್ ಹೋವರ್ಡ್ ಥಾರ್ನ್‌ಟನ್ ಚೆನ್ನಾಗಿದ್ದಾರೆ, ಪಿಜ್ಜಾ ಅಂಗಡಿಯಲ್ಲಿ ಸುಮ್ನೆ ಕೂತು ಹುಡುಗಿಯನ್ನೇ ದಿಟ್ಟಿಸುವಾಗ ನಿಜಕ್ಕೂ ಮೈ ಜುಮ್ಮೆನ್ನುತ್ತದೆ, ಆದರೆ ಆಮೇಲೆ ಕತೆಯೇ ಇಲ್ಲ, ಗರಗಸ, ರಕ್ತ, ಮತ್ತೆ ರಕ್ತ. ಬಜೆಟ್ ಕಮ್ಮಿ ಅನ್ನೋದು ನೆಪ ಆಗಲ್ಲ ಅಲ್ವಾ? 1988ರ ಸಿನಿಮಾ ಮಾಡಿದ ಕಿಯೋಡೊ ಅಣ್ಣತಮ್ಮಂದಿರ ಹತ್ತಿರವೂ ದುಡ್ಡು ಜಾಸ್ತಿ ಇರಲಿಲ್ಲ. ಆದರೂ ಬಾಂಬೆ ಮಿಠಾಯಿಯ ಗುಲಾಬಿ ಗೂಡಿನಲ್ಲಿ ಸುತ್ತಿಟ್ಟ ಹೆಣಗಳು, ಪಾಪ್‌ಕಾರ್ನ್ ಹಾರಿಸುವ ಬಂದೂಕು, ಎಲ್ಲಾ ಕಣ್ಣಲ್ಲೇ ಉಳಿಯುತ್ತವೆ.

ರಕ್ತವೇ ಬೇಕು ಅನ್ನೋರು ‘ಟೆರಿಫೈಯರ್’ ನೋಡಿ, ಊಟದ ಹೊತ್ತಿಗೆ ಮಾತ್ರ ಬೇಡ.