ಬಡಾವಣೆಯ ಜಿಮ್: ಹದಿಹರೆಯದ ಹುಡುಗರನ್ನು ಸೇರಿಸುವ ಮುನ್ನ

ಮೈಸೂರಿನ ನಮ್ಮ ಬಡಾವಣೆಯಲ್ಲಿರುವ ಈ ಜಿಮ್‌ಗೆ ದ್ವಿತೀಯ ಪಿಯುಸಿ ಓದುತ್ತಿರುವ ಮಗನ ಜೊತೆ ನಾನೂ ಸೇರಿಕೊಂಡೆ. ಮಕ್ಕಳನ್ನು ಇಲ್ಲಿಗೆ ಸೇರಿಸಬೇಕೆಂದಿರುವ ಪೋಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜಾಗ, ಉಪಕರಣ, ಸ್ವಚ್ಛತೆ ಯಾವುದರಲ್ಲೂ ಕೊರತೆಯಿಲ್ಲ. ಬೆಳಗಿನ ಬ್ಯಾಚಿನ ತರಬೇತುದಾರರಂತೂ ವಿಷಯ ಬಲ್ಲವರು. ಸ್ಕ್ವಾಟ್ ಮಾಡುವಾಗ ಹುಡುಗರ ಮಂಡಿ ಒಳಕ್ಕೆ ವಾಲಿದರೆ, ಪ್ಲೇಟುಗಳನ್ನೆಲ್ಲ ತೆಗೆಸಿ, ಬರಿಯ ಬಾರ್ ಹೊತ್ತು ಕೂತು ಏಳುವುದು ಸರಿಯಾದ ಮೇಲಷ್ಟೇ ತೂಕ ಏರಿಸುತ್ತಾರೆ. ಇಂಥ ಮೇಲ್ವಿಚಾರಣೆಯಲ್ಲಿ ಮಾಡುವ ವ್ಯಾಯಾಮದಿಂದ ಹುಡುಗರ ಎತ್ತರ ಕುಂಠಿತವಾಗುತ್ತದೆ ಎಂದು ಅಂಜಬೇಕಾಗಿಲ್ಲ.

ನನ್ನ ಆಕ್ಷೇಪ ಕಾಲೇಜು ಹುಡುಗರೇ ತುಂಬಿರುವ ಸಂಜೆಯ ಬ್ಯಾಚಿನ ಬಗ್ಗೆ. ಒಳಗೆ ಕಾಲಿಡುತ್ತಿದ್ದಂತೆ ‘ಮೊದಲು–ನಂತರ’ ಫೋಟೊಗಳ ಗೋಡೆ ಎದುರಾಗುತ್ತದೆ. ಅವುಗಳಲ್ಲಿ ಮೀಸೆ ಚಿಗುರದ ಹುಡುಗರೂ ಅಂಗಿ ಕಳಚಿ ನಿಂತಿದ್ದಾರೆ. "ಏನೋ ಕಡ್ಡಿ ಪೈಲ್ವಾನ್, ಇನ್ನೂ ಸೈಜ್ ಬಂದಿಲ್ವಲ್ಲೋ" ಎಂದು ತರಬೇತುದಾರ ಸಲಿಗೆಯಿಂದಲೇ ಕೇಳುತ್ತಾರೆ, ಹುಡುಗನೂ ನಕ್ಕು ಸುಮ್ಮನಾಗುತ್ತಾನೆ. ಆದರೆ ಅದೇ ಹುಡುಗ ಬೇಸಿಗೆಯ ಸೆಕೆಯಲ್ಲೂ ತೋಳು ದಪ್ಪ ಕಾಣಲೆಂದು ಎರಡು ಟಿ-ಶರ್ಟ್ ತೊಟ್ಟು ಬರುವುದನ್ನು, ಮತ್ತೊಬ್ಬ ಪ್ರತಿ ಸೆಟ್ ಮುಗಿದಾಗಲೂ ಕನ್ನಡಿಯೆದುರು ಹೊಟ್ಟೆಯನ್ನು ಚಿವುಟಿ ನೋಡಿಕೊಳ್ಳುವುದನ್ನು ಕಂಡಾಗ ನನಗೆ ಬಹಳ ಸಂಕಟವಾಯಿತು. ಹೆಣ್ಣುಮಕ್ಕಳು ಊಟ ಬಿಟ್ಟರೆ ಮನೆಯವರು ಗಾಬರಿಯಾಗುತ್ತಾರೆ. ಗಂಡುಮಕ್ಕಳು ದೇಹದ ಬಗ್ಗೆ ಹೀಗೆ ಕೊರಗಿದರೆ ಅದನ್ನು ಶಿಸ್ತು ಎಂದು ಮೆಚ್ಚುತ್ತೇವೆ. ಸಾಕಷ್ಟು ಮೈಕಟ್ಟಿದ್ದರೂ ತಾನು ಸಣಕಲ ಎಂದೇ ನಂಬಿ ನರಳುವ ಸ್ಥಿತಿಯನ್ನು ಮನೋವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದಾರೆ, 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಡಿಎಸ್ಎಂ-5ರಲ್ಲೂ ಅದಕ್ಕೆ ಸ್ಥಾನವಿದೆ.

ಹುಡುಗರ ಈ ಕೊರಗಿಗೆ ಕೌಂಟರಿನಲ್ಲೇ ‘ಮಾಸ್ ಗೇನರ್’ ಅಂದರೆ ಮೈತೂಕ ಹೆಚ್ಚಿಸಲೆಂದು ಮಾರುವ ಪುಡಿಯ ಡಬ್ಬಿಗಳು ಮಾರಾಟಕ್ಕಿವೆ. ಮಗನಿಗೆ ಕೊಡಿಸಲು ಹೇಳಿದ ಡಬ್ಬಿಯನ್ನು ತಿರುಗಿಸಿ ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ತಯಾರಿಸಿದ ಕಾರ್ಬೋಹೈಡ್ರೇಟ್. 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ ಇರುವುದು 15 ಗ್ರಾಂ ಮಾತ್ರ. 18 ವರ್ಷದೊಳಗಿನವರಿಗೆ ಅಲ್ಲ ಎಂಬ ಸೂಚನೆ ಕೆಳಗಡೆ ಸಣ್ಣ ಅಕ್ಷರಗಳಲ್ಲಿತ್ತು. 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ ಪ್ರೋಟೀನ್ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಹೇಳುತ್ತದೆ. ಮನೆಯ ಅನ್ನ, ಬೇಳೆಸಾರು, ಹಾಲು, ಮೊಸರಿನ ಜೊತೆಗೆ ಎರಡು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಸೇರಿದರೆ ಅಷ್ಟು ದೊರಕಿಸಿಕೊಳ್ಳುವುದು ಕಷ್ಟವೇನಲ್ಲ. ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸುವುದು ಬೇಡವೆಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಇವನ್ನೆಲ್ಲ ಮಾಲೀಕರ ಮುಂದಿಟ್ಟಾಗ ಅವರು ಸಾವಧಾನವಾಗಿ ಕೇಳಿಸಿಕೊಂಡರು, ಅಪ್ರಾಪ್ತ ಹುಡುಗರ ಫೋಟೊಗಳನ್ನು ಗೋಡೆಯಿಂದ ತೆಗೆಸಿದರು ಕೂಡ. ಡಬ್ಬಿಗಳ ಮಾರಾಟ ಮಾತ್ರ ನಿಂತಿಲ್ಲ. ಆದ್ದರಿಂದ ವಯಸ್ಕರಿಗೆ ಈ ಜಿಮ್ ಅನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಹುಡುಗರನ್ನು ಸೇರಿಸುವುದಾದರೆ ಬೆಳಗಿನ ಬ್ಯಾಚಿಗೇ ಸೇರಿಸಿ, ಪುಡಿಯ ಹಣ ಕಟ್ಟಬೇಡಿ. ಮಗ ಊಟ ಬಿಡುವುದು, ಕನ್ನಡಿ ಬಿಟ್ಟು ಕದಲದಿರುವುದು, ಗೆಳೆಯರಿಂದ ದೂರ ಸರಿಯುವುದು ಕಂಡರೆ ಗದರದೆ ಕೂತು ಮಾತಾಡಿಸಿ. ಅಗತ್ಯವೆನಿಸಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.